ಹುಲ್ಲಿನ ಅಜ್ಜನ ಮೈಮೇಲೆ ನನ್ನ ಅಂಗಿ

ನಮ್ಮೂರು ಮಂಗಸೂಳಿ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಊರು. ಮಹಾರಾಷ್ಟ್ರದ ಗಡಿ ಕೂಗಳತೆಯಲ್ಲಿದೆ ಅನ್ನಬಹುದು. ಸಂತೆಯಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿದರೆ ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಊರಿಗೆ ಹೆಸರು ತಂದವನು ಮಲ್ಲಯ್ಯ. ನಮಗೆ ಅವನು ಮಲ್ಲಯ್ಯ, ಮೈಲಾರಲಿಂಗ. ಗಡಿಯಾಚೆಯಿಂದ ಬರುವ ಭಕ್ತರಿಗೆ ಖಂಡೋಬಾ. ಮಾರ್ಗಶಿರದ ಚಂಪಾಷಷ್ಠಿ ಬಂತೆಂದರೆ ಭಂಡಾರ ಹಾರಿ ಹಾರಿ ಹಣೆ, ಟೋಪಿ, ಗುಡಿಯ ಮೆಟ್ಟಿಲು ಎಲ್ಲವೂ ಅರಿಶಿನ ಬಣ್ಣವಾಗುತ್ತವೆ. ನಾವು ‘ಏಳುಕೋಟಿ’ ಎಂದು ಕೂಗುತ್ತೇವೆ. ಮರಾಠಿ ಭಕ್ತರು ‘ಯೇಳಕೋಟ’ ಎನ್ನುತ್ತಾರೆ. ಮರಾಠಿಯಲ್ಲಿ ಏಳಕ್ಕೆ ‘ಸಾತ್’ ಅಲ್ಲವೇ? ಆದರೂ ಅವರ ಬಾಯಲ್ಲಿ ನಮ್ಮ ಕನ್ನಡದ ಏಳು ಹಾಗೇ ಉಳಿದುಕೊಂಡಿದೆ. ದೇವರ ಹೆಸರು ಬದಲಾಯಿತು, ಕೂಗು ಸ್ವಲ್ಪ ಬದಲಾಯಿತು. ದೇವರು ಮಾತ್ರ ಅವನೇ. ಇದನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಬೇಕಾಗುತ್ತದೆ.

ಮಗಳ ಮನೆ ಬೆಳಗಾವಿಯ ಕ್ಯಾಂಪಿನಲ್ಲಿ. ನನ್ನ ಹೆಂಡತಿ ತೀರಿಕೊಂಡ ಮೇಲೆ ಮಂಗಸೂಳಿಯ ಮನೆಯಲ್ಲಿ ನಾನೊಬ್ಬನೇ. ‘ಅಪ್ಪಾ, ಡಿಸೆಂಬರ್ ಕಡೀಕರ ಬಂದು ಇರ್ರಿ’ ಎಂದು ಮಗಳು ಒತ್ತಾಯ ಮಾಡಿದಳು. ಹಳೆಯ ಬಟ್ಟೆ ನಾಲ್ಕು, ಹೊಸದು ಎರಡು ಚೀಲಕ್ಕೆ ತುಂಬಿ ಹೊರಟೆ.

ಉಗಾರ ಖುರ್ದದಲ್ಲಿ ರೈಲು ಹತ್ತಿದೆ. ಕಬ್ಬು ನುರಿಸುವ ಕಾಲ. ನಿಲ್ದಾಣದವರೆಗೂ ಬೆಲ್ಲದಂಥ ವಾಸನೆ, ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಸ್ವಲ್ಪ ಹೊತ್ತಿಗೆ ಕೃಷ್ಣಾ ನದಿಯ ಸೇತುವೆ ಬಂತು, ಆಮೇಲೆ ಕುಡಚಿ, ಚಿಂಚಲಿ, ರಾಯಬಾಗ, ಘಟಪ್ರಭಾ. ಬೆಳಗಾವಿ ಮುಟ್ಟುವಾಗ ಚಳಿ ಕಿವಿ ಕಚ್ಚುತ್ತಿತ್ತು.

ಕ್ಯಾಂಪ್ ಎಂದರೆ ಬ್ರಿಟಿಷರ ಕಾಲದ ದಂಡು ಪ್ರದೇಶ. ಅಲ್ಲಿ ಹಳೆಯ ಶಾಲೆಗಳಿವೆ, ಇಗರ್ಜಿಗಳಿವೆ. ಸೇಂಟ್ ಪಾಲ್ಸ್ ಶಾಲೆ ಶುರುವಾದದ್ದು 1856ರಲ್ಲಿ. ಬೆಳಗಾವಿಗೆ ತನ್ನದೇ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಬಂದದ್ದು 1953ರಲ್ಲಿ. ಅದರ ಪ್ರಧಾನ ಇಗರ್ಜಿ ಫಾತಿಮಾ ಕಥೀಡ್ರಲ್ ಇರುವುದೂ ಕ್ಯಾಂಪಿನಲ್ಲೇ. ನಾನು ಹೋದಾಗ ಕ್ರಿಸ್ಮಸ್ ಮುಗಿದಿತ್ತು, ಸಡಗರ ಮುಗಿದಿರಲಿಲ್ಲ. ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತಿದ್ದವು. ವರಾಂಡಗಳಲ್ಲಿ ಗೋದಲಿ: ಹುಲ್ಲು ಹೊದಿಸಿದ ಕೊಟ್ಟಿಗೆ, ಅದರಲ್ಲಿ ಬಾಲಯೇಸು, ಮರಿಯಮ್ಮ, ಜೋಸೆಫ, ಒಂದು ಆಕಳು, ಎರಡು ಕುರಿ.

ಐದನೇ ಇಯತ್ತೆಯ ಮೊಮ್ಮಗಳು ಕೈಹಿಡಿದು ಅಂಗಡಿ ತೋರಿಸಲು ಕರೆದೊಯ್ದಳು. ಒಂದೇ ಅಂಗಡಿಯ ಕಟ್ಟೆಯ ಮೇಲೆ ಎಡಕ್ಕೆ ಸಾಂತಾ ಟೋಪಿಗಳು, ಬಲಕ್ಕೆ ಬುದ್ಧನ ತಲೆಗಳು. ಚಿನ್ನದ ಬಣ್ಣದ ಬುದ್ಧ, ನೀರಿನ ಕಾರಂಜಿಯ ಬುದ್ಧ, ಕಾರಿನಲ್ಲಿ ಅಂಟಿಸುವ ಪುಟಾಣಿ ಬುದ್ಧ. ‘ಯಾವುದು ಹೆಚ್ಚು ಹೋಗ್ತದ್ರಿ?’ ಎಂದು ಕೇಳಿದೆ. ‘ಟೋಪಿ ಈ ತಿಂಗಳ ಹೋಗ್ತಾವ್ರಿ ಅಜ್ಜಾರ. ಬುದ್ಧ ಹನ್ನೆರಡೂ ತಿಂಗಳ ಹೋಗ್ತಾನ್ರಿ. ಮನೀಗೆ ಶಾಂತಿ ಅಂತ ಒಯ್ತಾರ’ ಎಂದ ಅಂಗಡಿಯವ.

ಮನೆಗೆ ತಿರುಗುವಾಗ ರಸ್ತೆಯ ಬದಿ ಸಾಲಾಗಿ ನಿಂತಿದ್ದರು ‘ಓಲ್ಡ್ ಮ್ಯಾನ್’ಗಳು. ಬೆಳಗಾವಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಬಿದಿರು, ಹುಲ್ಲು, ಗೋಣಿಚೀಲ, ಹಳೆಯ ಕಾಗದಗಳಿಂದ ಮುದುಕನ ಬೊಂಬೆ ಮಾಡುತ್ತಾರೆ. ಹಳೆಯ ಪ್ಯಾಂಟು, ಕೋಟು ತೊಡಿಸಿ, ಮುಖವಾಡ ಹಾಕಿ, ಹೊಟ್ಟೆಯಲ್ಲಿ ಪಟಾಕಿ ಇಡುತ್ತಾರೆ. ಕೆಲವು ಮಕ್ಕಳೆತ್ತರ, ಕೆಲವು ಮಾಳಿಗೆಯೆತ್ತರ. ಡಿಸೆಂಬರ್ 31ರ ನಡುರಾತ್ರಿ ಅದಕ್ಕೆ ಬೆಂಕಿ. ಹಳೆಯ ವರ್ಷ ಸುಟ್ಟುಹೋಯಿತು, ಹೊಸದು ಬಂತು ಎಂದು ಎಲ್ಲರೂ ಕೇಕೆ ಹಾಕುತ್ತಾರೆ.

ಇದು ಇಗರ್ಜಿಯ ವಿಧಿಯಲ್ಲ, ಹಬ್ಬದ ಸುತ್ತ ಬೆಳೆದ ಬೀದಿಯ ಆಟ. ಗೋವಾದಲ್ಲೂ ಇದೆ. ಅಲ್ಲಿ ಹುಡುಗರು ಓಲ್ಡ್ ಮ್ಯಾನ್‌ನನ್ನು ರಸ್ತೆಯಲ್ಲಿ ಕೂರಿಸಿ ಹೋಗಿಬರುವವರ ಹತ್ತಿರ ಪಟಾಕಿಗೆ ಕಾಸು ಕೇಳುತ್ತಾರೆ. ಕೇರಳದ ಫೋರ್ಟ್ ಕೊಚ್ಚಿಯಲ್ಲಿ ಇವನ ಹೆಸರು ಪಪ್ಪಾಂಜಿ, ಅಂದರೆ ಮುದುಕಪ್ಪ. ಅಲ್ಲಿ 1984ರಿಂದ ನಡೆಯುತ್ತಿರುವ ಕೊಚ್ಚಿನ್ ಕಾರ್ನಿವಲ್‌ನಲ್ಲಿ ಭಾರಿ ಪಪ್ಪಾಂಜಿಯನ್ನು ಸುಡುವುದನ್ನು ನೋಡಲು ಜನಸಾಗರವೇ ಸೇರುತ್ತದೆ. ಬೆಳಗಾವಿಯಲ್ಲೂ ಈಗ ಇದು ಒಂದು ಧರ್ಮದವರ ಆಟವಾಗಿ ಉಳಿದಿಲ್ಲ. ಎಲ್ಲ ಗಲ್ಲಿಗಳ ಹುಡುಗರೂ ಮಾಡುತ್ತಾರೆ.

ನಮ್ಮ ಗಲ್ಲಿಯ ಹುಡುಗರೂ ಒಬ್ಬ ಹುಲ್ಲಿನ ಅಜ್ಜನನ್ನು ಕಟ್ಟುತ್ತಿದ್ದರು. 31ರ ಸಂಜೆ ಮೊಮ್ಮಗಳು ನೋಡಲು ಓಡಿದಳು. ಎರಡೇ ನಿಮಿಷಕ್ಕೆ ಅಳುತ್ತ ವಾಪಸು ಬಂದಳು.

‘ಅಜ್ಜಾ, ಅದು ನಿನ್ನ ಅಂಗಿ! ಅದರ ಮೈಮ್ಯಾಲೆ ನಿನ್ನ ಅಂಗಿ ಅದ!’

ಹೋಗಿ ನೋಡಿದೆ. ಹೌದು, ನನ್ನದೇ ನೀಲಿ ಪಟ್ಟಿಯ ಅಂಗಿ. ಹುಡುಗರು ಹಳೆಯ ಬಟ್ಟೆ ಕೇಳಲು ಬಂದಾಗ ಇವಳೇ ನನ್ನ ಚೀಲದಿಂದ ತೆಗೆದು ಕೊಟ್ಟಿದ್ದಳು. ಕೊಡುವಾಗ ಖುಷಿ ಇತ್ತು. ಆ ಅಂಗಿಯೊಳಗೆ ಹುಲ್ಲು ತುಂಬಿ, ಬಿಳಿ ಮೀಸೆ ಅಂಟಿಸಿ, ಕನ್ನಡಕ ಏರಿಸಿದ್ದನ್ನು ಕಂಡಾಗ ಎದೆ ಧಸಕ್ಕೆಂದಿದೆ.

‘ನನ್ನನ್ನಲ್ಲವ್ವಾ, ಅವರು ಸುಡೂದು ಹೋದ ವರ್ಷಾನ್ನ’ ಎಂದೆ.

‘ವರ್ಷ ಸುಡಬೇಕಂದ್ರ ಕ್ಯಾಲೆಂಡರ್ ಸುಡಬೇಕು. ಅಜ್ಜನ್ನ ಯಾಕ ಸುಡಬೇಕು?’

ನನಗೆ ಉತ್ತರ ಹೊಳೆಯಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಇತಿಹಾಸ ಹೇಳಿದವನು ನಾನು. ಉತ್ತರ ಹೊಳೆಯದಿದ್ದಾಗ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ: ಕಥೆ ಹೇಳಿದೆ. ಪಕ್ಕದ ಮನೆಯ ಬಾಯಿ, ಗೋವಾ ಮೂಲದ ಕ್ಯಾಥೊಲಿಕ್ ಅಜ್ಜಿ, ತಟ್ಟೆಯಲ್ಲಿ ನೇವ್ರಿ ಮತ್ತು ದೋದೋಲ್ ತಂದಿದ್ದರು. ನೇವ್ರಿ ಎಂದರೆ ನಮ್ಮ ಕರ್ಚಿಕಾಯಿಯ ತಂಗಿ. ಅವರೂ ಕಟ್ಟೆಯ ಮೇಲೆ ಕೂತರು.

‘ಒಬ್ಬ ರಾಜಕುಮಾರ ಇದ್ದ, ಸಿದ್ಧಾರ್ಥ. ಮಗ ಸನ್ಯಾಸಿ ಆಗಬಹುದು ಅಂತ ಜೋಯಿಸರು ಹೇಳಿದ್ದರಿಂದ ಅಪ್ಪ ಅವನಿಗೆ ಯಾವ ದುಃಖಾನೂ ಕಾಣದಂಗ ಅರಮನೆಯೊಳಗ ಬೆಳೆಸಿದ. ಒಂದಿನ ರಥದಾಗ ಹೊರಗ ಹೋದಾಗ ಕೋಲೂರಿಕೊಂಡು ಬರೋ ಮುದುಕ ಕಂಡ. ಇವ ಯಾರು ಅಂತ ಸಾರಥೀನ್ನ ಕೇಳಿದ. ಇದು ಮುಪ್ಪು, ನಿಮಗೂ ಬರ್ತದ ಅಂದ ಸಾರಥಿ ಚನ್ನ. ಆಮ್ಯಾಲೆ ರೋಗಿ ಕಂಡ, ಹೆಣ ಕಂಡ, ಕಡೀಕ ಶಾಂತವಾಗಿದ್ದ ಸನ್ಯಾಸಿ ಕಂಡ. ಅರಮನೆ ಬಿಟ್ಟ, ಬುದ್ಧ ಆದ.’

ಮೊಮ್ಮಗಳು ಕಣ್ಣೊರೆಸಿಕೊಂಡು ಕೇಳಿದಳು: ‘ಆಗ ಅವಂಗ ಎಷ್ಟು ವರ್ಷ?’

‘ಇಪ್ಪತ್ತೊಂಬತ್ತು.’

‘ಇಪ್ಪತ್ತೊಂಬತ್ತು ವರ್ಷ ಒಬ್ಬ ಅಜ್ಜನ್ನೂ ನೋಡಿರಲಿಲ್ಲೇನು? ಅವನ ಅಪ್ಪಗರ ಬಿಳೀ ಕೂದಲ ಬಂದಿರಬೇಕಲ್ಲ?’

ನಾನು ನಕ್ಕುಬಿಟ್ಟೆ. ಇದು ಐದನೇ ಇಯತ್ತೆಯ ಪ್ರಶ್ನೆ ಅಷ್ಟೇ ಅಲ್ಲ, ಡಾ. ಬಾಬಾಸಾಹೇಬ ಅಂಬೇಡ್ಕರರ ಪ್ರಶ್ನೆಯೂ ಹೌದು. ನಮ್ಮ ಪಕ್ಕದ ನಿಪ್ಪಾಣಿಗೆ 1925ರಲ್ಲಿ ಬಂದು ಭಾಷಣ ಮಾಡಿದ್ದ ಅವರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಮರುವರ್ಷ, ಅವರು ತೀರಿಕೊಂಡ ಮೇಲೆ, ‘ಬುದ್ಧ ಮತ್ತು ಅವನ ಧಮ್ಮ’ ಎಂಬ ಅವರ ಪುಸ್ತಕ ಅಚ್ಚಾಯಿತು. ಮುಪ್ಪು, ರೋಗ, ಸಾವು ದಿನವೂ ನಡೆಯುವಂಥವು, ಅಷ್ಟು ವಯಸ್ಸಿನವರೆಗೆ ಅವನ್ನು ಒಮ್ಮೆಯೂ ಕಾಣದೆ ಇರಲು ಹೇಗೆ ಸಾಧ್ಯ ಎಂದು ಅವರು ಅಲ್ಲಿ ಕೇಳುತ್ತಾರೆ. ಅವರು ಹೇಳುವ ಕಥೆಯೇ ಬೇರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ ಹತ್ತುತ್ತದೆ. ಯುದ್ಧ ಬೇಡವೆಂದು ಸಿದ್ಧಾರ್ಥ ಪಟ್ಟುಹಿಡಿಯುತ್ತಾನೆ. ಅದಕ್ಕಾಗಿ ಮನೆ ಬಿಡಬೇಕಾಗುತ್ತದೆ. ಕೃಷ್ಣೆಯ ದಂಡೆಯ ನಮಗೆ ನೀರಿನ ಜಗಳ ಯಾರೂ ಹೇಳಿಕೊಡಬೇಕಾದ್ದಲ್ಲ. ನಮ್ಮ ಗಡಿಯೂರುಗಳ ಎಷ್ಟೋ ಮನೆಗಳಲ್ಲಿ ಬುದ್ಧ ಮತ್ತು ಬಾಬಾಸಾಹೇಬರ ಪಟ ಜೊತೆಯಾಗಿರುತ್ತವೆ. ಅಲ್ಲಿ ಬುದ್ಧ ಅಂಗಡಿಯ ಅಲಂಕಾರದ ಬೊಂಬೆಯಲ್ಲ, ತಲೆಯೆತ್ತಿ ಬಾಳಲು ಕೊಟ್ಟ ಧೈರ್ಯ.

‘ಬಾಯಿ, ನಿಮಗೊಂದು ಗುಟ್ಟು ಹೇಳ್ತೀನಿ. ಈ ರಾಜಕುಮಾರ ನಿಮ್ಮ ಸಂತರ ಪಟ್ಟಿಯೊಳಗೂ ಇದ್ದ’ ಎಂದೆ. ಬಾಯಿ ಹುಬ್ಬೇರಿಸಿದರು. ಆದರೆ ಇದು ನಿಜವೇ.

ಬುದ್ಧನ ಕಥೆ ವ್ಯಾಪಾರಿಗಳು, ಯಾತ್ರಿಕರ ಜೊತೆ ಪಶ್ಚಿಮಕ್ಕೆ ನಡೆಯಿತು. ‘ಬೋಧಿಸತ್ವ’ ಎಂಬ ಹೆಸರು ಅರಬ್ಬಿಯಲ್ಲಿ ‘ಬೂದಾಸಫ್’ ಆಯಿತು. ಅರಬ್ಬಿ ಲಿಪಿಯಲ್ಲಿ ಕೆಳಗೆ ಒಂದು ಚುಕ್ಕಿ ಇಟ್ಟರೆ ‘ಬ’, ಎರಡು ಇಟ್ಟರೆ ‘ಯ’. ಒಂದು ಚುಕ್ಕಿ ಹೆಚ್ಚಾಗಿ ಅದು ‘ಯೂದಾಸಫ್’ ಆಯಿತು. ಜಾರ್ಜಿಯಾ ದೇಶದ ಸನ್ಯಾಸಿಗಳ ಕೈಯಲ್ಲಿ ‘ಇಯೋದಾಸಫ್’, ಗ್ರೀಕಿನಲ್ಲಿ ‘ಇಯೋಸಾಫ್’, 11ನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಬರುವಾಗ ‘ಜೋಸಫಾತ್’. ನಮ್ಮ ಏಳುಕೋಟಿ ಯೇಳಕೋಟ ಆದಂತೆ! ಈ ಕಥೆಯಲ್ಲೂ ಇಂಡಿಯಾದ ರಾಜ ಮಗನನ್ನು ಅರಮನೆಯಲ್ಲಿ ಮುಚ್ಚಿಡುತ್ತಾನೆ. ಜೋಸಫಾತನೂ ಹೊರಗೆ ಬಂದು ರೋಗಿಯನ್ನು, ಕುರುಡನನ್ನು, ಮುದುಕನನ್ನು ಕಾಣುತ್ತಾನೆ. ಬಾರ್ಲಾಮ್ ಎಂಬ ಕ್ರೈಸ್ತ ಸನ್ಯಾಸಿ ರತ್ನದ ವ್ಯಾಪಾರಿಯ ವೇಷದಲ್ಲಿ ಬಂದು ಅವನಿಗೆ ಗುರುವಾಗುತ್ತಾನೆ.

ಬಾರ್ಲಾಮ್ ಹೇಳುವ ಕಥೆಗಳಲ್ಲಿ ಒಂದು ಮಕ್ಕಳಿಗೆ ಬಲು ಚೆಂದ. ಒಬ್ಬ ರಾಜ ನಾಲ್ಕು ಪೆಟ್ಟಿಗೆ ಮಾಡಿಸಿದ. ಎರಡಕ್ಕೆ ಚಿನ್ನದ ತಗಡು, ಒಳಗೆ ಕೊಳೆತ ಎಲುಬು. ಎರಡಕ್ಕೆ ಡಾಂಬರು ಬಳಿದು ಒರಟು ಹಗ್ಗ ಬಿಗಿದಿದ್ದ, ಒಳಗೆ ರತ್ನ ಮತ್ತು ಸುಗಂಧ. ಯಾವುದಕ್ಕೆ ಬೆಲೆ ಹೆಚ್ಚು ಎಂದಾಗ ಮಂತ್ರಿಗಳೆಲ್ಲ ಚಿನ್ನದ ಪೆಟ್ಟಿಗೆ ತೋರಿಸಿದರು. ಹೊರಗಿನ ಬಟ್ಟೆ ನೋಡಿ ಮನುಷ್ಯನನ್ನು ಅಳೆಯಬೇಡಿ ಎಂಬುದು ರಾಜನ ಪಾಠ. ಇದೇ ಕಥೆ ಕೈಯಿಂದ ಕೈಗೆ ಹೋಗಿ, ಶೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ ನಾಟಕದಲ್ಲಿ ಮೂರು ಪೆಟ್ಟಿಗೆಗಳಾಗಿ ಬಂತು.

ಯುರೋಪಿನ ಜನ ಜೋಸಫಾತನನ್ನು ಎಷ್ಟು ನಂಬಿದರೆಂದರೆ 16ನೇ ಶತಮಾನದ ಹೊತ್ತಿಗೆ ರೋಮಿನ ಸಂತರ ಪಂಚಾಂಗದಲ್ಲಿ ನವೆಂಬರ್ 27 ಬಾರ್ಲಾಮ್ ಮತ್ತು ಜೋಸಫಾತರ ದಿನವಾಯಿತು. 1571ರಲ್ಲಿ ವೆನಿಸ್ಸಿನ ದೊರೆ ಈ ಸಂತನದೆಂದು ನಂಬಿದ್ದ ಎಲುಬನ್ನು ಪೋರ್ಚುಗಲ್ಲಿನ ರಾಜನಿಗೆ ಕಾಣಿಕೆ ಕೊಟ್ಟ. ಇವನು ಬುದ್ಧನಂತೆಯೇ ಇದ್ದಾನಲ್ಲ ಎಂದು ಗುರುತಿಸಿ ಬರೆದ ಮೊದಲಿಗರಲ್ಲಿ ಒಬ್ಬನಾದ ಡಿಯೋಗೋ ದೊ ಕೌಟೊ ಇದ್ದದ್ದು ನಮ್ಮ ಪಕ್ಕದ ಗೋವಾದಲ್ಲೇ, 17ನೇ ಶತಮಾನದ ಆರಂಭದಲ್ಲಿ.

ಬಾಯಿ ಸುಮ್ಮನೆ ಕೇಳಿದರು. ಆಮೇಲೆ, ‘ಹೆಸರು ತಪ್ಪಾದ್ರೂ ಒಳ್ಳೆಯವ್ನೇ ಬಂದಾನ ಬಿಡ್ರಿ’ ಎಂದು ನಕ್ಕು, ಮೊಮ್ಮಗಳ ಕೈಗೆ ಇನ್ನೊಂದು ನೇವ್ರಿ ಇಟ್ಟರು.

ಮೊಮ್ಮಗಳ ಲೆಕ್ಕ ಮುಗಿದಿರಲಿಲ್ಲ. ‘ಸಿದ್ಧಾರ್ಥ ಅಜ್ಜನ್ನ ನೋಡಿ ಸುಡ್ರಿ ಅನ್ನಲಿಲ್ಲ. ಜೋಸಫಾತನೂ ಅನ್ನಲಿಲ್ಲ. ಇಬ್ಬರೂ ಯಾರಿವ ಅಂತ ಕೇಳಿದ್ರು, ಹೌದಲ್ಲೋ?’

‘ಹೌದವ್ವಾ.’

‘ನಡಿ ಹಂಗಾರ.’

ಹುಡುಗರ ಹತ್ತಿರ ಹೋಗಿ ಅಂಗಿ ವಾಪಸು ಕೇಳಿದಳು. ಅವರು ಮೊದಲು ಗೊಣಗಿದರು. ಒಬ್ಬ ದೊಡ್ಡ ಹುಡುಗ ನನ್ನ ಮುಖ ನೋಡಿದ, ಬೊಂಬೆಯ ಮುಖ ನೋಡಿದ, ತಾನೇ ಗುಂಡಿ ಬಿಚ್ಚಿದ. ‘ತಪ್ಪಾತ್ರಿ ಅಜ್ಜಾರ’ ಎಂದ. ‘ತಪ್ಪೇನಿಲ್ಲಪ್ಪಾ, ಅಂಗಿ ಅಷ್ಟು ಕೊಡು’ ಎಂದೆ. ಮೊಮ್ಮಗಳು ಮನೆಯಿಂದ ಆ ವರ್ಷದ ಕ್ಯಾಲೆಂಡರ್ ತಂದು ಹುಲ್ಲಿನ ಎದೆಗೆ ಕಟ್ಟಿದಳು. ನಡುರಾತ್ರಿ ಇಗರ್ಜಿಯ ಗಂಟೆ ಬಾರಿಸಿತು. ಬೆಂಕಿ ಮೊದಲು ಹಿಡಿದದ್ದು ಜನವರಿಯ ಹಾಳೆಗೆ. ಅವಳು ನನ್ನ ಕೈ ಬಿಡಲಿಲ್ಲ. ನಾನೂ ಬಿಡಲಿಲ್ಲ. ಆ ವರ್ಷ ನನ್ನಿಂದ ಏನು ಕಿತ್ತುಕೊಂಡಿತ್ತೋ ಅದು ಬೂದಿಯಾಗಲಿಲ್ಲ. ಆದರೂ ಎದೆ ಸ್ವಲ್ಪ ಹಗುರಾಯಿತು.

ಸಂಕ್ರಾಂತಿಗೆ ಮಗಳು, ಮೊಮ್ಮಗಳು ಮಂಗಸೂಳಿಗೆ ಬಂದರು. ಹೊಲದಲ್ಲಿ ಬಿಳಿಜೋಳದ ತೆನೆ ಹಾಲು ತುಂಬಿಕೊಂಡಿತ್ತು, ಹಕ್ಕಿಗಳ ಕಾಟ. ನೀಲಿ ಪಟ್ಟಿಯ ಅಂಗಿಯನ್ನು ಮೊಮ್ಮಗಳೇ ಬೆದರುಬೊಂಬೆಗೆ ತೊಡಿಸಿದಳು, ಹಣೆಗೆ ಮಲ್ಲಯ್ಯನ ಭಂಡಾರ ಹಚ್ಚಿದಳು. ದೂರ ನಿಂತು ನೋಡಿ ಹೇಳಿದಳು: ‘ಈ ಅಜ್ಜ ಸುಡಾಕಲ್ಲ, ಹೊಲ ಕಾಯಾಕ.’