ಓದಿದ್ದೆಷ್ಟು, ಬಂದದ್ದೆಷ್ಟು

ಇಂಗ್ಲಿಷ್ ಪಾಠ ಹೇಳಿಯೇ ನಾನು ಅನ್ನ ಉಂಡವನು. ಬೋರ್ಡಿನ ಮೇಲೆ 'ಲರ್ನ್' ಎಂದು ಬರೆದು, ಪಕ್ಕದಲ್ಲಿ 'ಕಲಿ' ಎಂದು ಬರೆದರೆ ಐದನೇ ತರಗತಿಯ ಮಗುವಿಗೆ ಸಾಕು. ನಿವೃತ್ತಿ ಹತ್ತಿರವಾದಂತೆ ನನಗೆ ಅದು ಸಾಲದಾಗಿದೆ. ಆ ಕ್ರಿಯಾಪದದೊಳಗಿನ ಅರ್ಥಗಳನ್ನೆಲ್ಲ ಹೊರಗೆ ಹರವಿಕೊಂಡು, ಇವುಗಳಲ್ಲಿ ನಾನು ನಿಜವಾಗಿ ಮಾಡಿದ್ದು ಯಾವುದು ಎಂದು ಕೇಳಿಕೊಳ್ಳುತ್ತಿದ್ದೇನೆ.

ಬಾಯಿಪಾಠದಿಂದಲೇ ಶುರು ಮಾಡಬೇಕು. ನನ್ನ ಇಂಗ್ಲಿಷ್ ಶುರುವಾದದ್ದೂ ಅಲ್ಲಿಂದಲೇ. ಸರ್ಕಾರಿ ಕನ್ನಡ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ನಮ್ಮ ಕಾಲಕ್ಕೆ ಎಬಿಸಿಡಿಯ ಮುಖ ಕಾಣುತ್ತಿದ್ದುದೇ ಐದನೇ ತರಗತಿಯಲ್ಲಿ. ಗೋ, ವೆಂಟ್, ಗಾನ್. ಸೀ, ಸಾ, ಸೀನ್ ಎಂದು ಮಗ್ಗಿಯ ರಾಗದಲ್ಲೇ ಕೂಗುತ್ತಿದ್ದೆವು. ಇಂಗ್ಲಿಷಿನವರು ಇದನ್ನು 'ಲರ್ನ್ ಬೈ ಹಾರ್ಟ್' ಎನ್ನುತ್ತಾರೆ. ಉರು ಹೊಡೆಯುವುದು ಎಂದು ನಾವು ಹೀಗಳೆಯುತ್ತೇವೆ. ನಾನು ಹೀಗಳೆಯಲಾರೆ. ಅಕ್ಷರ ಬಾರದ ನನ್ನಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದ ಪದಗಳೆಲ್ಲ ಬಾಯಿಂದ ಬಾಯಿಗೆ ಬಂದವು. ಅವುಗಳ ಅರ್ಥ ಅವಳಿಗೆ ಗೊತ್ತಿದ್ದಷ್ಟು ಪುಸ್ತಕ ಹಿಡಿದ ನನಗೆ ಗೊತ್ತಾಗಲಿಲ್ಲ. ಹಾಗೆ ಉರು ಹೊಡೆದ ರೂಪಗಳು ನನ್ನಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿವೆ.

ಉಳಿಯದೆ ಹೋದದ್ದು 'ಸ್ಟಡಿ' ಮಾಡಿದ್ದು. ಕನ್ನಡದಲ್ಲಿ ಪೇಪರು ನೋಡುವುದೂ ಓದು, ಪರೀಕ್ಷೆಗೆ ತಯಾರಾಗುವುದೂ ಓದು. ಅಮ್ಮ 'ಚೆನ್ನಾಗಿ ಓದಪ್ಪ' ಎಂದದ್ದೂ, ಹೆಣ್ಣಿನ ಕಡೆಯವರು 'ಹುಡುಗ ಎಲ್ಲೀವರೆಗೆ ಓದಿದ್ದಾನೆ' ಎಂದು ಕೇಳಿದ್ದೂ ಅದೇ ಪದದಲ್ಲಿ. ಇಂಗ್ಲಿಷಿನಲ್ಲಿ ಸ್ಟಡಿ ಎಂದರೆ ಪ್ರಯತ್ನ, ಲರ್ನ್ ಎಂದರೆ ಅದರ ಫಲ. ವರ್ಷವಿಡೀ ಮೊದಲನೆಯದನ್ನು ಮಾಡಿಯೂ ಎರಡನೆಯದು ಆಗದೇ ಇರಬಹುದು. ವೈದ್ಯ ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಸಮಾನಾರ್ಥಕ ಕೋಶದಲ್ಲಿ ಪದಗಳು ಅಕಾರಾದಿಯಾಗಿಲ್ಲ, ಆಶಯಕ್ಕೆ ತಕ್ಕಂತೆ ಗುಂಪುಗೂಡಿವೆ. ಕಲಿಕೆಯ ಗುಂಪಿನಲ್ಲಿ ಇವೆಲ್ಲ ಒಟ್ಟಿಗೇ ನಿಂತಿವೆ. ಒಂದೇ ಮನೆಯಲ್ಲಿದ್ದರೂ ಇವರ ಸ್ವಭಾವ ಬೇರೆಬೇರೆ. ಎಂ.ಎ.ಯಲ್ಲಿ ಧ್ವನಿಶಾಸ್ತ್ರ, ಛಂದಸ್ಸು, ವಿಮರ್ಶೆ ಎಲ್ಲ ಓದಿದೆ, ಪಾಸೂ ಆದೆ. ಆ ನೋಟ್ಸು ಈಗ ಕೈಗೆ ಸಿಕ್ಕರೆ ಕೈಬರಹ ನನ್ನದು, ತಿಳಿವಳಿಕೆ ಬೇರೆ ಯಾರದೋ ಅನ್ನಿಸುತ್ತದೆ.

ತೆಲುಗಿನ ಕತೆ ಬೇರೆ. ನಮ್ಮದು ಕೋಲಾರದ ಕಡೆ; ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಯಾರೂ ಹೇಳಿಕೊಡಲಿಲ್ಲ, ಒಂದು ಅಕ್ಷರವನ್ನೂ ತಿದ್ದಲಿಲ್ಲ, ಆದರೂ ಸಂತೆಯಲ್ಲಿ ಚೌಕಾಸಿ ಮಾಡುವುದು, ಜಗಳ ಕಾಯುವುದು, ಮಗುವನ್ನು ಮುದ್ದಾಡುವುದು ಎಲ್ಲ ಆ ಭಾಷೆಯಲ್ಲಿ ಸಲೀಸು. ಇಂಗ್ಲಿಷಿನಲ್ಲಿ ಇದಕ್ಕೆ 'ಪಿಕ್ ಅಪ್' ಎನ್ನುವುದುಂಟು, ವಿದ್ವಾಂಸರಾದರೆ 'ಅಕ್ವೈರ್' ಎನ್ನುತ್ತಾರೆ. ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಷೆನ್ ಅಕ್ವೈರ್ ಮತ್ತು ಲರ್ನ್ ಎರಡೂ ಬೇರೆ ಬೇರೆ ದಾರಿಗಳು ಎಂದು 1980ರ ದಶಕದಲ್ಲಿ ವಾದಿಸಿದರು. ಅರಿವಿಲ್ಲದೆ ಬಂದ ಭಾಷೆಯೇ ಮಾತನ್ನು ನಡೆಸುತ್ತದೆ, ಕಲಿತ ನಿಯಮ ಬರೀ ತಪ್ಪು ತಿದ್ದುವ ಕಾವಲುಗಾರ, ಅದು ಎಂದೂ ಮಾತಾಗಿ ಮಾರ್ಪಡುವುದಿಲ್ಲ ಎಂಬುದು ಅವರ ನಿಲುವು. ಅರ್ಧವನ್ನು ನಾನು ಒಪ್ಪುತ್ತೇನೆ, ನನ್ನ ತೆಲುಗೇ ಅದಕ್ಕೆ ಸಾಕ್ಷಿ. ಇನ್ನರ್ಧವನ್ನು ಒಪ್ಪಲಾರೆ. ನಿಯಮವಾಗಿಯೇ ಒಳಗೆ ಬಂದ ಎಷ್ಟೋ ಇಂಗ್ಲಿಷ್ ವಾಕ್ಯಗಳು, ತರಗತಿಯಲ್ಲಿ ಬಾಯಿಬಿಟ್ಟು ಹೇಳಿ ಹೇಳಿ, ಈಗ ಯೋಚಿಸದೆಯೇ ನನ್ನ ನಾಲಿಗೆಗೆ ಬರುತ್ತವೆ.

ಕನ್ನಡದಲ್ಲಿ 'ನಾನು ಕಲಿತೆ' ಎನ್ನುತ್ತೇವೆ. ಕಲಿತು ಮುಗಿದ ಮೇಲೆ ಮಾತಿನ ರೀತಿಯೇ ಬದಲಾಗುತ್ತದೆ: 'ನನಗೆ ಈಜು ಬರುತ್ತದೆ', 'ನನಗೆ ಇಂಗ್ಲಿಷ್ ಬರುತ್ತದೆ'. ಅಲ್ಲಿ ಕರ್ತೃ ನಾನಲ್ಲ, ವಿದ್ಯೆ. ಬರುವುದು ಅದು, ನನ್ನದೇನಿದ್ದರೂ ಬಾಗಿಲು ತೆರೆದಿಡುವ ಕೆಲಸ. ಸುದ್ದಿ ತಿಳಿಯುವುದಕ್ಕೂ ಇಂಗ್ಲಿಷ್ ಇದೇ ಲರ್ನ್ ಅನ್ನು ಬಳಸುತ್ತದೆ, ಅಲ್ಲಿಯೂ 'ಐ' ಎಂಬ ಕರ್ತೃ ಮುಂದೆ ನಿಲ್ಲುತ್ತದೆ. ಅಪ್ಪ ಇನ್ನು ಬಹಳ ದಿನ ಇರುವುದಿಲ್ಲವೆಂದು ಡಾಕ್ಟರು ಹೇಳಿದ ದಿನ ನಾನು ಏನನ್ನೂ ಮಾಡಿರಲಿಲ್ಲ. ನನಗೆ ಗೊತ್ತಾಯಿತು, ಅಷ್ಟೆ. ಇಡೀ ಜೀವನವನ್ನು ಹಿಂದಿರುಗಿ ನೋಡಿದರೆ ನನ್ನನ್ನು ಬದಲಾಯಿಸಿದ ತಿಳಿವಳಿಕೆಗಳೆಲ್ಲ ಹೀಗೆ 'ನನಗೆ' ಎಂಬ ರೂಪದಲ್ಲೇ ಬಂದಿವೆ. 'ನಾನು' ಎಂಬ ರೂಪದಲ್ಲಿ ಸಂಪಾದಿಸಿದ್ದು ಸಂಬಳಕ್ಕೆ, ಬಡ್ತಿಗೆ ಆಯಿತು. ಅದನ್ನು ಕಡಿಮೆಯೆನ್ನುತ್ತಿಲ್ಲ, ನನ್ನ ಮಕ್ಕಳು ಬೆಳೆದದ್ದು ಅದರಿಂದಲೇ.

ಲರ್ನ್‌ಗೆ ಈಗ ಶಿಷ್ಟ ಬಳಕೆಯಿಂದ ಬಿದ್ದುಹೋದ ಇನ್ನೊಂದು ಅರ್ಥವಿದೆ: ಕಲಿಸು. 1611ರ ಸುಮಾರಿನ 'ದಿ ಟೆಂಪೆಸ್ಟ್' ನಾಟಕದಲ್ಲಿ ಕ್ಯಾಲಿಬನ್, ತನಗೆ ನುಡಿ ಕಲಿಸಿದವರನ್ನು ಶಪಿಸುವಾಗ ಆ ಪದವನ್ನು ಈ ಅರ್ಥದಲ್ಲೇ ಬಳಸುತ್ತಾನೆ. ಕೋರ್ಟುಗಳಲ್ಲಿ ವಕೀಲರನ್ನು 'ಲರ್ನೆಡ್' ಎಂದು ಗೌರವಿಸುವುದರಲ್ಲಿಯೂ ಅದೇ ಹಳೆಯ ಅರ್ಥ ಉಳಿದಿದೆ. ಯಾರಿಂದಲೋ ಕಲಿಸಲ್ಪಟ್ಟವನು ಎಂಬುದು ಅದರ ಮೂಲ. ಡಚ್ ಭಾಷೆಯಲ್ಲಿ ಇಂದಿಗೂ ಎರಡಕ್ಕೂ ಒಂದೇ ಕ್ರಿಯಾಪದ. ನಮ್ಮಲ್ಲಿ ಕಲಿ, ಕಲಿಸು ಒಂದೇ ಬೇರಿನ ಎರಡು ಕವಲು. ನನ್ನ ಮಟ್ಟಿಗೆ ಇದು ವ್ಯಾಕರಣದ ಮಾತಲ್ಲ. ಪರೀಕ್ಷೆಗೆ ಓದಿ ಮರೆತ ಕರ್ಮಣಿ ಪ್ರಯೋಗ ನನಗೆ ಬಂದದ್ದು, ಹಿಂದಿನ ಬೆಂಚಿನ ಹುಡುಗಿಯೊಬ್ಬಳು 'ಸಾರ್, ಮಾಡಿದವರ ಹೆಸರು ಯಾಕೆ ಬಿಡಬೇಕು?' ಎಂದು ಕೇಳಿದಾಗ, ಅವಳಿಗೆ ಉತ್ತರ ಹುಡುಕಿಕೊಡುತ್ತಾ.

ಭಾಷಾಶಾಸ್ತ್ರಜ್ಞರು ಲರ್ನ್‌ನ ಬೇರನ್ನು ಹಿಂದಕ್ಕೆ ಒಯ್ದು ನೇಗಿಲ ಸಾಲಿಗೆ, ಜಾಡಿಗೆ ಮುಟ್ಟಿಸುತ್ತಾರೆ. ಜಾಡು ಹಿಡಿದು ನಡೆ ಎಂಬುದು ಅದರ ಮೊದಲ ಅರ್ಥ. ಸನ್ನಿಗೆ ಇಂಗ್ಲಿಷಿನಲ್ಲಿ 'ಡಿಲೀರಿಯಂ' ಎನ್ನುತ್ತಾರಲ್ಲ, ಅದು ಲ್ಯಾಟಿನ್ನಿನ ಪದ. ಸಾಲು ಬಿಟ್ಟು ಹೋಗುವುದು ಎಂದು ಅದರ ಅರ್ಥ, ಅದೂ ಇದೇ ಬೇರಿನದು. ಇದನ್ನು ಓದಿದಾಗ ಅಪ್ಪ ನೆನಪಾದರು. ಹೊಸ ಹೋರಿಯನ್ನು ಅವರು ಒಂಟಿಯಾಗಿ ಹೂಡುತ್ತಿರಲಿಲ್ಲ, ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಿದ್ದರು. ಸಾಲು ಹಿಡಿಯುವುದನ್ನು ಹೋರಿ ಜೊತೆಯ ಎತ್ತಿನಿಂದ ಕಲಿಯುತ್ತಿತ್ತು. ಅಪ್ಪ ಹಿಂದೆ ಮೇಣಿ ಹಿಡಿದಿರುತ್ತಿದ್ದರು.

ಪಾಠ ಹೇಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಪಾಠ ಮುಗಿಸುವ ಮುನ್ನ ಸೀಮೆಸುಣ್ಣವನ್ನು ಒಂದು ಮಗುವಿನ ಕೈಗೆ ಕೊಡಿ. ಅದು ಪಕ್ಕದ ಮಗುವಿಗೆ ಹೇಳಿಕೊಡಲಿ, ನೀವು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ.