ನಮ್ಮ ಶೆಡ್ಡಿನಾಗ ಮಂದಿ ಬಟ್ಟಿ

ನಮ್ಮ ರೂಪನಗುಡಿ ಕಡಿ ವಿಮಾ ಅಂದ್ರ ಎರಡೇ. ಒಂದು ಎಲ್‌ಐಸಿ, ಇನ್ನೊಂದು ಬೆಳಿ ವಿಮಾ. 2016ರಾಗ ಫಸಲ್ ಬಿಮಾ ಬಂದಮ್ಯಾಲೆ ಮುಂಗಾರಿ ಬೆಳಿಗೆ ನೂರಕ್ಕ ಎರಡು ರೂಪಾಯಿ, ಹಿಂಗಾರಿಗೆ ಒಂದೂವರಿ, ಹತ್ತಿ ಮೆಣಸಿನಕಾಯಿಯಂಥವಕ್ಕ ಐದು ಅಂತ ನಮ್ಮ ಓಣಿ ರೈತರು ನಿದ್ದಿಗಣ್ಣಾಗೂ ಹೇಳ್ತಾರ. ಆದ್ರ ಹೊಲಾನೂ ಇಲ್ಲದ, ಪಗಾರಾನೂ ಇಲ್ಲದ, ಸ್ವಂತ ಕೈಕಸಬಿನ ಮ್ಯಾಲೆ ಬದುಕೋ ಮಂದಿಗೆ ಯಾವ ವಿಮಾ ಅಂತ ನಮಗ ಯಾರೂ ಹೇಳಿದ್ದಿಲ್ಲ. ನಾವೂ ಕೇಳಿದ್ದಿಲ್ಲ. ಕೇಳೋದು ಕಲ್ತಿದ್ದು ಶೆಡ್ಡು ಸುಟ್ಟಮ್ಯಾಲೆ.

ನಮ್ಮ ಮನಿಯವರದು ಜೀನ್ಸ್ ಹೊಲಿಯೋ ಜಾಬ್ ವರ್ಕ್. ಬಳ್ಳಾರಿ ಜೀನ್ಸ್ ಹೆಸರು ನೀವೂ ಕೇಳಿರ್ತೀರಿ. ಬಳ್ಳಾರ್ಯಾಗಿನ ಸಾವ್ಕಾರ್ರು ಥಾನುಗಟ್ಲೆ ಬಟ್ಟಿ ತರಿಸ್ತಾರ, ಅಲ್ಲೇ ಕಟಿಂಗ್ ಮಾಡಿಸಿ, ಸೈಜಿನ ಪ್ರಕಾರ ಬಂಡಲ್ ಕಟ್ಟಿ ಟೆಂಪೋದಾಗ ನಮ್ಮಂಥವರ ಮನಿಗೆ ಕಳಿಸ್ತಾರ. ನಾವು ಹೊಲಿದು ವಾಪಸ್ ಕಳಿಸ್ತೀವಿ. ಆಮ್ಯಾಲೆ ಅದು ವಾಷಿಂಗಿಗೆ ಹೋಗಿ, ಗುಂಡಿ ಲೇಬಲ್ ಹಚ್ಚಿಸಿಕೊಂಡು ಯಾವುದೋ ಊರಿನ ಅಂಗಡ್ಯಾಗ ತೂಗಾಡ್ತೈತಿ. ನಮಗ ಸಿಗೋದು ಪೀಸಿನ ಲೆಕ್ಕದ ಕೂಲಿ. ಮಶೀನು ನಮ್ಮವು, ಕರೆಂಟ್ ಬಿಲ್ಲು ನಮ್ದು, ದಾರ ನಮ್ದು, ಹೊಲಿಯಾಕ ಬರೋ ಹುಡುಗ್ಯಾರಿಗೆ ಕೂಲಿ ಕೊಡೋರು ನಾವು. ಬಟ್ಟಿ ಮಾತ್ರ ಸಾವ್ಕಾರ್ರದು. ಇಂಥವರಿಗೆ ಕಾಗದದ ಭಾಷೆಯೊಳಗ ‘ಸ್ವತಂತ್ರ ಗುತ್ತಿಗೆದಾರ’ ಅಂತಾರಂತ. ಸ್ವತಂತ್ರ ಅನ್ನೋ ಶಬ್ದ ಕೇಳಾಕ ಚೊಲೋ ಐತಿ.

2019ರ ಮಾರ್ಚ್ ತಿಂಗಳು. ನಮ್ಮ ಕಡಿ ಬಿಸಿಲು ಗೊತ್ತಲ್ಲ, ಯುಗಾದಿಗೆ ಮೊದಲೇ ತಗಡಿನ ಶೆಡ್ಡು ರೊಟ್ಟಿ ಹಂಚಾಗಿರ್ತೈತಿ. ಸಂಜಿ ಏಳು ಗಂಟಿಗೆ ಕರೆಂಟ್ ಹೋಗಿ ಬಂತು, ಹೋಗಿ ಬಂತು. ಮೂರನೇ ಸಲ ಬಂದಾಗ ಓವರ್‌ಲಾಕ್ ಮಶೀನಿನ ಮೋಟಾರಿನಿಂದ ಕಿಡಿ ಹಾರಿತು. ಕೆಳಗ ಚಿಂದಿ ಗುಡ್ಡಿ ಇತ್ತು. ನಾನು ಒಳಗ ಸಾರಿಗೆ ಒಗ್ಗರಣಿ ಹಾಕ್ತಿದ್ದೆ, ಸುಟ್ಟ ವಾಸನಿ ಬಂದಾಗ ಬಳ್ಳೊಳ್ಳಿ ಹೊತ್ತಿತೇನೋ ಅಂದುಕೊಂಡು ಉರಿ ಸಣ್ಣ ಮಾಡಿದೆ. ಆ ಒಂದು ನಿಮಿಷ ಈಗಲೂ ನನ್ನ ಕಾಡ್ತೈತಿ.

ಊರ ಮಂದಿ ಬಿಂದಿಗಿ ಬಿಂದಿಗಿ ನೀರು ಹೊತ್ತು ಹಾಕಿದ್ರು. ಪಕ್ಕದ ಓಣಿ ಹುಡುಗಿ ಒಬ್ಬಾಕಿ, ನಮ್ಮಲ್ಲಿ ಹೊಲಿಯಾಕ ಬರ್ತಿದ್ದಾಕಿ, ‘ಸಾವ್ಕಾರ್ರ ಮಾಲು ಐತಿ’ ಅಂತ ಕೂಗಿಕೊಂಡು ಒಳಗ ನುಗ್ಗಿ ಎರಡು ಬಂಡಲ್ ಎಳಕೊಂಡು ಬಂದ್ಲು. ಮೂರನೇದಕ್ಕ ಹೋದಾಗ ಮೊಣಕೈ ತನಕ ಸುಟ್ಕೊಂಡ್ಲು. ಬೆಂಕಿ ಆರಿದಾಗ ನಾಲ್ಕು ಮಶೀನು, ಮೋಟಾರು, ಮತ್ತ ಹೊಲಿಗಿಗೆ ಬಂದಿದ್ದ 640 ಪ್ಯಾಂಟಿನ ಬಟ್ಟಿ ಬೂದಿ.

ಮರುದಿನ ನಮ್ಮವರು ಕಟ್ಟಿ ಮ್ಯಾಲೆ ಕುಂತು, ‘ಚಿಂತಿ ಮಾಡಬ್ಯಾಡ, ಬ್ಯಾಂಕಿನ ವಿಮಾ ಐತಿ’ ಅಂದ್ರು. ಖರೇನೇ. ಮುದ್ರಾ ಸಾಲ ಎರಡು ಲಕ್ಷ ತಗೊಂಡಾಗ ಬ್ಯಾಂಕಿನವರೇ ಬೆಂಕಿ ವಿಮಾ ಮಾಡಿಸಿ, ವರ್ಷಾ ನಮ್ಮ ಖಾತೆಯಿಂದ ದುಡ್ಡು ಹಿಡೀತಿದ್ರು. ಪಾಲಿಸಿ ಕಾಗದ ನಾವು ಕಣ್ಣಿಲೆ ನೋಡಿದ್ದಿಲ್ಲ. ಬ್ಯಾಂಕಿನಾಗ ಕೇಳಿ ಜೆರಾಕ್ಸ್ ತಂದಾಗ ನನ್ನ ಪಿಯುಸಿ ಇಂಗ್ಲಿಷಿನಾಗ ಅಕ್ಷರ ಕೂಡಿಸಿ ಓದಿದೆ. ಮಶೀನಿನ ಹೆಸರು ಇತ್ತು, ಶೆಡ್ಡಿನ ಹೆಸರೂ ಇರಲಿಲ್ಲ, ಬಟ್ಟಿ ಹೆಸರೂ ಇರಲಿಲ್ಲ.

ಕಂಪನಿಯವರು ಕಳಿಸಿದ ಸರ್ವೇಯರ್ ಬಂದ್ರು. ಮನಶ್ಯಾ ಒಳ್ಳೆಯವರು. ಚಹಾ ಕುಡುಕೋತ ಎಲ್ಲಾ ಬಿಡಿಸಿ ಹೇಳಿದ್ರು, ನನ್ನ ಸಂಕಟದಾಗ ಅವರ ಮ್ಯಾಲೆ ಸಿಟ್ಟು ಬಂದಿದ್ದು ಬ್ಯಾರೆ ಮಾತು. ಮೊದಲನೇದು, ಯಾವ ಮೋಟಾರಿನಾಗ ಶಾರ್ಟ್ ಆಗಿ ಬೆಂಕಿ ಹುಟ್ಟಿತೋ ಆ ಮೋಟಾರಿಗೆ ಬೆಂಕಿ ವಿಮಾ ಕೊಡಾಂಗಿಲ್ಲ. ಅದರಿಂದ ಹಬ್ಬಿ ಸುಟ್ಟ ಉಳಿದ ಸಾಮಾನಿಗೆ ಕೊಡ್ತಾರ. ಎರಡನೇದು, ನಮ್ಮ ಎಲ್ಲಾ ಮಶೀನಿನ ಬೆಲಿ 3,20,000 ಅಂತ ಅವರು ಲೆಕ್ಕ ಹಾಕಿದ್ರು. ವಿಮಾ ಇದ್ದದ್ದು ಸಾಲದಷ್ಟೇ, 2,00,000ಕ್ಕ. ಸುಟ್ಟದ್ದು, ಹಳೇದಾಗಿದ್ದಕ್ಕ ಸವಕಲು ಕಳೆದು, 96,000. ನಾನು ‘ಎರಡು ಲಕ್ಷದೊಳಗ ಐತಲ್ರೀ, ಪೂರ್ತಿ ಕೊಡ್ರಿ’ ಅಂದೆ. ಹಂಗಿಲ್ಲಂತ. ಹದಿನಾರಾಣೆ ಮಾಲಿಗೆ ಹತ್ತಾಣೆ ವಿಮಾ ಮಾಡಿಸಿದ್ರ, ನಷ್ಟದಾಗೂ ಹತ್ತಾಣೆ ಅಷ್ಟೇ ಕಂಪನಿದು, ಆರಾಣೆ ನಿಮ್ದು. ಅಲ್ಲಿಗೆ 60,000 ಆತು. ಅದರಾಗ ಮೊದಲಿನ ಹತ್ತು ಸಾವಿರ ಮಾಲಕರೇ ಹೊರಬೇಕಂತ ಪಾಲಿಸ್ಯಾಗೇ ಬರದಿತ್ತು. ಉಳಿದ 50,000 ನಮ್ಮ ಕೈಗೂ ಬರಲಿಲ್ಲ, ನೇರ ಸಾಲದ ಖಾತೆಗೆ ಹೋತು. ಬ್ಯಾಂಕ್ ಮಾಡಿಸಿದ ವಿಮಾ ಮೊದಲು ಬ್ಯಾಂಕನ್ನ ಕಾಯ್ತೈತಿ, ಅದು ಸಹಜಾನೇ. ನಮ್ಮನ್ನ ಕಾಯ್ತೈತಿ ಅಂದುಕೊಂಡಿದ್ದು ನಮ್ಮ ತಪ್ಪು.

ಮೂರನೇದು ಬಟ್ಟಿ ವಿಷಯ. ‘ಅಮ್ಮಾ, ಹೆರವರ ಮಾಲು ನಿಮ್ಮ ಹತ್ರ ನಂಬಿಕಿ ಮ್ಯಾಲೆ ಇಟ್ಟಿದ್ರ, ಅದನ್ನ ಪಾಲಿಸ್ಯಾಗ ಬಾಯಿ ಬಿಟ್ಟು ಹೇಳಿ ಬರಸಬೇಕು. ಬರಸದಿದ್ರ ಅದು ವಿಮಾದ ಹೊರಗ’ ಅಂದ್ರು. ನನಗ ಆ ಮಾತು ನೆಟ್ಟಿತು. ನಮ್ಮ ಶೆಡ್ಡಿನಾಗ ನಮ್ಮ ಸ್ವಂತದ ಬಟ್ಟಿ ಒಂದು ತುಂಡೂ ಇರಲಿಲ್ಲ. ಎಲ್ಲಾ ಮಂದಿದೇ. ಅದನ್ನ ಬಿಟ್ಟು ಉಳಿದದ್ದಕ್ಕಷ್ಟೇ ವಿಮಾ ಮಾಡಿಸಿದ್ವಿ.

ಸಾವ್ಕಾರ್ರು ಮೂರನೇ ದಿನ ಬಂದ್ರು. ಬೈಲಿಲ್ಲ. ಬೈದಿದ್ರ ನಾನೂ ಒಂದು ಮಾತು ಆಡ್ತಿದ್ದೆ. ಚಲನ್ ಬುಕ್ ತೆಗೆದು, ಪೀಸಿಗೆ 180ರಂಗ 640ಕ್ಕ 1,15,200, ಉಳಿಸಿದ ಎರಡು ಬಂಡಲಿನ ಲೆಕ್ಕ ಬ್ಯಾರೆ ಅಂತ ಚೀಟಿ ಬರದು ಕೊಟ್ರು. ‘ನನಗೂ ಥಾನಿನ ಅಂಗಡಿಯವರು ಬಿಡಾಂಗಿಲ್ಲಮ್ಮ’ ಅಂದ್ರು. ಅದೂ ಖರೇನೇ ಇರಬಹುದು. ನಮ್ಮವರು ಚೀಟಿ ಮಡಚಿ ಅಂಗಿ ಕಿಸೇದಾಗ ಇಟ್ಕೊಂಡ್ರು, ಒಂದು ವಾರ ಆ ಅಂಗಿ ಒಗಿಯಾಕ ಹಾಕಲಿಲ್ಲ. ಆಮ್ಯಾಲೆ ನನ್ನ ಪಾಟ್ಲಿ ಒತ್ತಿ ಇಟ್ಟು ಅರ್ಧ ಕೊಟ್ವಿ. ಉಳಿದದ್ದಕ್ಕ ಎರಡು ವರ್ಷ ಪೀಸಿಗೆ ಎರಡು ರೂಪಾಯಿ ಕಡಿಮಿ ಕೂಲಿಗೆ ಹೊಲಿದ್ವಿ. ನಡುವ ಕೊರೊನಾ ಬಂತು, ಅದನ್ನ ಇಲ್ಲಿ ಬರೆಯಾಂಗಿಲ್ಲ ಬಿಡ್ರಿ.

ಆದ್ರ ನನಗ ನಿದ್ದಿಗೆಡಿಸಿದ್ದು ಆ ಚೀಟಿ ಅಲ್ಲ, ಆ ಹುಡುಗಿ ಕೈ. ಬಳ್ಳಾರಿ ದೊಡ್ಡಾಸ್ಪತ್ರ್ಯಾಗ ಔಷಧದ ಖರ್ಚು ಹೆಚ್ಚಾಗಲಿಲ್ಲ, ಆದ್ರ ಮೂರು ತಿಂಗಳು ಆಕಿ ಸೂಜಿ ಹಿಡಿಯಾಕ ಆಗಲಿಲ್ಲ. ಆಕಿ ತಾಯಿ ದಿನಾ ನಮ್ಮ ಬಾಗಿಲ ಮುಂದಿಂದ ನೀರಿಗೆ ಹೋಗ್ತಿದ್ಲು, ಒಂದು ದಿನಾನೂ ಏನೂ ಕೇಳಲಿಲ್ಲ. ನಮ್ಮ ಅಳಿಯ ಹೇಳಿದ: ‘ಅತ್ತಿ, ಅವರು ಕೇಳಲಿ ಬಿಡಲಿ, ಕಾನೂನಿನ ಪ್ರಕಾರ ಕೊಡಬೇಕಾದವರು ನೀವೇ. 1923ರಿಂದ ಕಾಯ್ದೆ ಐತಿ.’ ಬ್ರಿಟಿಷರ ಕಾಲದ್ದು! ಕೆಲಸದಾಗ ಪೆಟ್ಟಾದ್ರ ಮಾಲಕ ಪರಿಹಾರ ಕೊಡಬೇಕು, ಗುಣ ಆಗೋ ತನಕ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಕಾಲು ಭಾಗ. ಆಕಿ ಕೂಲಿ ತಿಂಗಳಿಗೆ ಏಳು ಸಾವಿರ ಬೀಳ್ತಿತ್ತು, ಅಂದ್ರ ಹದಿನೈದು ದಿನಕ್ಕ 1,750. ನಾವು ಅದಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ವಿ. ದೊಡ್ಡ ಮನಸ್ಸಿಗಲ್ಲ, ಆಕಿ ಕೈ ನೋಡಿದಾಗ ನನಗ ನಾಚಿಕಿ ಆಗ್ತಿತ್ತು, ಅದಕ್ಕ.

ಅಳಿಯ ಇನ್ನೊಂದು ಲೆಕ್ಕಾನೂ ತೋರಿಸಿದ್ದ. ಕೆಲಸದಾಗ ಜೀವಾನೇ ಹೋದ್ರ ತಿಂಗಳ ಕೂಲಿ ಅರ್ಧಕ್ಕ ವಯಸ್ಸಿನ ಪ್ರಕಾರ ಒಂದು ಅಂಕಿಯಿಂದ ಗುಣಿಸ್ತಾರ. ಮೂವತ್ತು ವರ್ಷದವರಿಗೆ ಆ ಅಂಕಿ 207.98. 2020ರಿಂದ ಕೂಲಿಯ ಮಿತಿ 15,000 ಮಾಡ್ಯಾರ. 7,500ನ್ನ 207.98ರಿಂದ ಗುಣಿಸಿದ್ರ ಹದಿನೈದೂವರಿ ಲಕ್ಷ ದಾಟ್ತೈತಿ. ನಮ್ಮ ಮನಿ, ಶೆಡ್ಡು, ನನ್ನ ತಾಳಿ ಸೇರಿ ಮಾರಿದ್ರೂ ಅಷ್ಟಾಗಾಂಗಿಲ್ಲ. ಇದಕ್ಕ ನೌಕರರ ಪರಿಹಾರ ವಿಮಾ ಅಂತ ಬ್ಯಾರೆ ಪಾಲಿಸಿ ಐತಿ. ವರ್ಷಕ್ಕ ಒಟ್ಟು ಎಷ್ಟು ಕೂಲಿ ಕೊಡ್ತೀರಿ, ಕೆಲಸ ಎಷ್ಟು ಅಪಾಯದ್ದು ಅನ್ನೋದರ ಮ್ಯಾಲೆ ಕಂತು. ಕೂಲಿ ಕಡಿಮಿ ತೋರಿಸಿ ಕಂತು ಉಳಿಸಾಕ ಹೋದ್ರ ಮತ್ತ ಅದೇ ಹತ್ತಾಣೆ ಕಥಿ ಆಗ್ತೈತಿ ಅನ್ನೋದು ನನಗ ಯಾರೂ ಹೇಳಬೇಕಾಗಿರಲಿಲ್ಲ.

ಇದೆಲ್ಲಾ ತಿಳಕೊಂಡಮ್ಯಾಲೆ ನನಗೊಂದು ಚಟ ಹತ್ತೇತಿ. ಮನಿಗೆ ಬಂದ ಕಸಬಿನ ಮಂದಿನ್ನೆಲ್ಲಾ ‘ನಿಮ್ದು ವಿಮಾ ಐತೇನ್ರಿ’ ಅಂತ ಕೇಳೋದು. ನಮ್ಮವರಿಗೆ ನಗು. ಟೆಂಪೋ ಹುಡುಗ, ‘ಐತ್ರೀ ಅಮ್ಮಾ, ಇಲ್ಲದಿದ್ರ ಪೊಲೀಸ್ರು ಬಿಡ್ತಾರೇನು’ ಅಂದ. ಅದು ಗಾಡಿಯಿಂದ ಬ್ಯಾರೆಯವರಿಗೆ ಪೆಟ್ಟಾದ್ರ ಕೊಡೋ ವಿಮಾ, 1988ರ ಮೋಟಾರು ಕಾಯ್ದಿ ಪ್ರಕಾರ ಬೇಕೇಬೇಕು. ಗಾಡ್ಯಾಗಿನ ಬಂಡಲ್ ಹಳ್ಳಕ್ಕ ಬಿದ್ರ ಅದು ಕೊಡಾಂಗಿಲ್ಲ. ಅದಕ್ಕ ಬ್ಯಾರೆ, ಅದರ ಹೆಸರು ಮರೈನ್. ಲಾರ್‍ಯಾಗ ಹೋಗೋ ಮಾಲಿಗೂ ಸಮುದ್ರದ ಹೆಸರೇ! ಹಿಂದಕ ಮಾಲೆಲ್ಲಾ ಹಡಗಿನಾಗ ಹೋಗ್ತಿತ್ತಲ್ಲ, ಆ ಹೆಸರು ಹಂಗೇ ಉಳಿದೈತಿ. ಬಳ್ಳಾರ್ಯಾಗ ಎಲ್ಲಿ ಸಮುದ್ರ ಅಂತ ನಾವಿಬ್ಬರೂ ನಕ್ವಿ. ಶಾಮಿಯಾನ ಹಾಕೋ ನಮ್ಮ ಮೈದುನನಿಗೆ ಬೇಕಾದದ್ದು ಇನ್ನೊಂದು. ಗಾಳಿಗೆ ಕಂಬ ಬಿದ್ದು ಮದಿವಿಗೆ ಬಂದವರ ತಲಿ ಒಡೆದ್ರ ಕೊಡೋ ಸಾರ್ವಜನಿಕ ಹೊಣೆ ವಿಮಾ. ಅವನು ‘ಅತ್ತಿಗಿ, ಅಪಶಕುನ ನುಡೀಬ್ಯಾಡ್ರಿ’ ಅಂದ. ನಮ್ಮ ತಂಗಿ ಮಗಳು ಅಮೆರಿಕಾದಾಗ ಐದಾಳ. ಅಲ್ಲಿ ಮನಿಗೆ ಬಣ್ಣ ಹೊಡೆಯಾಕ ಬಂದವರ ಹತ್ರ ಮೊದಲು ವಿಮಾದ ಸರ್ಟಿಫಿಕೇಟ್ ಕೇಳಿ, ಆಮ್ಯಾಲೆ ಒಳಗ ಬಿಟ್ಟಳಂತ. ಇಲ್ಲಿ ನಾವು ಮೊದಲು ಚಹಾ ಕೊಡ್ತೀವಿ.

ಸರ್ಕಾರದ ಸಣ್ಣವು ಅದಾವ, ಅವನ್ನ ಬಿಡಬ್ಯಾಡ್ರಿ. ಅಪಘಾತದ್ದು ವರ್ಷಕ್ಕ 20 ರೂಪಾಯಿ, ಎಪ್ಪತ್ತು ವರ್ಷದ ತನಕ, ಎರಡು ಲಕ್ಷ. ಜೀವ ವಿಮಾದ್ದು 436, ಅದಕ್ಕ ಐವತ್ತು ತುಂಬೋದರೊಳಗ ಸೇರಬೇಕು. ಎರಡೂ ಜೂನ್ ಒಂದರಿಂದ ಶುರು, ಮೇ ಕಡೀಗೆ ಖಾತೇದಾಗ ದುಡ್ಡು ಇರಬೇಕು. ಆದ್ರ ಇವು ಮನಿ ಮನಶ್ಯಾರಿಗೆ. ಸುಟ್ಟ ಮಶೀನಿಗೂ ಮಂದಿ ಬಟ್ಟಿಗೂ ಇವಕ್ಕೂ ಸಂಬಂಧ ಇಲ್ಲ.

ಈಗ ನಮ್ಮ ಶೆಡ್ಡಿಗೆ ಸಣ್ಣ ಉದ್ಯಮದವರಿಗಂತನೇ 2021ರ ಏಪ್ರಿಲ್‌ದಾಗ ಬಂದ ಪಾಲಿಸಿ ಮಾಡಿಸೀವಿ, ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ ಅಂತ. ಅದರಾಗ ಬೆಲಿ ಹೇಳಿದ್ದು ನೂರಕ್ಕ ಹದಿನೈದರ ತನಕ ಕಡಿಮಿ ಬಿದ್ರೂ ಆಣೆ ಲೆಕ್ಕ ಹಾಕಿ ಮುರಕೊಳ್ಳಾಂಗಿಲ್ಲ. ಏಜೆಂಟ್ ಅಣ್ಣಾವ್ರು ಬಂದಾಗ ನಾನು ಒಂದೇ ಮಾತು ಹಿಡಕೊಂಡು ಕುಂತೆ: ‘ಹೆರವರ ಮಾಲು ಅಂತ ಎಲ್ಲಿ ಬರದೀರಿ, ತೋರಿಸ್ರಿ.’ ಅವರು ‘ಎಲ್ಲಾ ಬರ್ತೈತಮ್ಮ’ ಅಂದ್ರು. ‘ಬರ್ತೈತಿ ಅಲ್ಲ, ಬರದದ್ದು ತೋರಿಸ್ರಿ’ ಅಂದೆ. ನಮ್ಮವರು ಮುಜುಗರಕ್ಕ ಹೊರಗೆದ್ದು ಹೋದ್ರು. ಎರಡನೇ ಸಲ ಕಾಗದ ಬದಲಾಯಿಸಿ ತಂದ್ರು, ಜಾಬ್ ವರ್ಕಿಗೆ ಬಂದ ಮಾಲು ಅಂತ ಬ್ಯಾರೆ ಸಾಲು, ಬ್ಯಾರೆ ಮೊತ್ತ. ಹುಡುಗ್ಯಾರ ಪಾಲಿಸಿ ಬ್ಯಾರೆ. ಎರಡೂ ನನ್ನ ಟ್ರಂಕಿನಾಗ ರೇಷನ್ ಕಾರ್ಡಿನ ಕೆಳಗ ಅದಾವ.

ಆ ಹುಡುಗಿ ಈಗಲೂ ನಮ್ಮಲ್ಲೇ ಹೊಲೀತಾಳ. ಚಳಿಗಾಲದಾಗ ಮೊಣಕೈ ಚರ್ಮ ಬಿಗೀತೈತಿ, ಕೊಬ್ಬರಿಎಣ್ಣಿ ಹಚ್ಚಿಕೋತ ಕುಂತಿರ್ತಾಳ. ನಿನ್ನೆ ಸಾವ್ಕಾರ್ರ ಟೆಂಪೋ ಬಂತು, ಹದಿನೆಂಟು ಬಂಡಲ್. ನಾನು ಒಂದೊಂದೇ ಎಣಿಸಿ, ಚಲನ್ ಮ್ಯಾಲೆ ಪೀಸಿನ ಬೆಲಿ ಬರಸಿ, ಮೊಬೈಲಿನಾಗ ಫೋಟೋ ಹಿಡಿಯೋ ತನಕ ಆ ಹುಡುಗ ಹಾರ್ನ್ ಬಾರಿಸ್ಕೋತ ನಿಂತಿದ್ದ. ಬಾರಿಸಲಿ ಅಂತ ಬಿಟ್ಟೆ.