ನೀರು ಬರಲೆಂದು, ನೀರು ಬಾರದಿರಲೆಂದು

ಕನ್ನಡ ಜನಪದ ಸಾಹಿತ್ಯದ ವಿದ್ಯಾರ್ಥಿಗಳಿಗೆ ‘ಕೆರೆಗೆ ಹಾರ’ ಹೊಸದಲ್ಲ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಅದರಲ್ಲಿ ಹನಿ ನೀರೂ ಕಾಣಿಸುವುದಿಲ್ಲ. ಮನೆಯ ಕಿರಿಯ ಸೊಸೆ ಭಾಗೀರಥಿ ಆಹುತಿಯಾದ ಮೇಲೆ ಕೆರೆ ತುಂಬುತ್ತದೆ. ಮಳೆಗಾಗಿ ಮುಗಿಲು ನೋಡುವ ಬಯಲುಸೀಮೆಯಲ್ಲಿ ನೀರೆಂದರೆ ಬರಬೇಕಾದದ್ದು, ಬಂದಾಗ ನಿಲ್ಲಿಸಿಕೊಳ್ಳಬೇಕಾದದ್ದು. ಏರಿ, ತೂಬು, ಕೋಡಿ ಎಂಬ ಮಾತುಗಳೂ, ಕೆರೆಯ ಪಾಲನೆಗೆಂದು ಭೂಮಿ ಬಿಟ್ಟುದನ್ನು ಹೇಳುವ ಶಾಸನಗಳ ‘ಬಿತ್ತುವಟ್ಟ’ವೂ ಈ ನಿರೀಕ್ಷೆಯೊಳಗೇ ಬೆಳೆದವು. ಇಂಥ ಸಂಸ್ಕಾರದ ಓದುಗನೊಬ್ಬ ಕೇರಳದ ಕುಟ್ಟನಾಡಿನ ಚರಿತ್ರೆಯತ್ತ ತಿರುಗಿದರೆ ಒಂದು ಕ್ಷಣ ತಬ್ಬಿಬ್ಬಾಗುತ್ತಾನೆ. ಅಲ್ಲಿಯೂ ಬಲಿಯ ಕಥೆಗಳಿವೆ. ಆದರೆ ಆ ಬಲಿ ನೀರು ಬರಲೆಂದಲ್ಲ, ನೀರು ಬಾರದಿರಲೆಂದು.

ವೆಂಬನಾಡು ಹಿನ್ನೀರಿನ ಸುತ್ತ ಹರಡಿರುವ ಕುಟ್ಟನಾಡಿನ ಬಹಳಷ್ಟು ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಕೆಲವೆಡೆ ಈ ತಗ್ಗು 2 ಮೀಟರನ್ನು ಮುಟ್ಟುತ್ತದೆ. ಪಂಪಾ, ಅಚ್ಚನ್‌ಕೋವಿಲ್, ಮಣಿಮಲ, ಮೀನಚ್ಚಿಲ್ ನದಿಗಳು ಘಟ್ಟದ ಮಳೆನೀರನ್ನು ಇಲ್ಲಿಗೆ ತಂದು ಸುರಿಯುತ್ತವೆ. ಬೇಸಗೆಯಲ್ಲಿ ನದಿಗಳು ಸೊರಗಿದಾಗ ಕಡಲ ಉಪ್ಪುನೀರು ಒಳನುಗ್ಗುತ್ತದೆ. ಒಡ್ಡಿನ ಆಚೆ ಕಾಲುವೆಯಲ್ಲಿ ದೋಣಿ ಸಾಗುತ್ತಿದ್ದರೆ, ಈಚೆ ಅದಕ್ಕಿಂತ ತಗ್ಗಿನಲ್ಲಿ ಭತ್ತದ ಪೈರು ನಿಂತಿರುತ್ತದೆ. ಇಲ್ಲಿ ನೆಲವೆಂಬುದು ನಿಸರ್ಗ ಕೊಟ್ಟದ್ದಲ್ಲ. ವರ್ಷವರ್ಷವೂ ನೀರಿನಿಂದ ಬಿಡಿಸಿಕೊಳ್ಳಬೇಕಾದದ್ದು.

ಬಿಡಿಸಿಕೊಳ್ಳುವ ಕ್ರಮ ಸರಳವಾಗಿ ಕಾಣುತ್ತದೆ. ಒಂದೇ ಒಡ್ಡಿನೊಳಗಿನ ಗದ್ದೆಗಳ ಸಮೂಹಕ್ಕೆ ‘ಪಾಡಶೇಖರಂ’ ಎಂದು ಹೆಸರು. ಮಳೆ ಇಳಿದ ಮೇಲೆ ಒಡ್ಡನ್ನು ಬಲಪಡಿಸಿ, ಒಳಗಿನ ನೀರನ್ನು ಹೊರಹಾಕಿ, ‘ಪುಂಚ’ ಬೆಳೆಗೆ ಬಿತ್ತುತ್ತಾರೆ. ಹಿಂದೆ ಇದು ‘ಚಕ್ರ’ದ ಕೆಲಸ, ಹಲಗೆಗಳುಳ್ಳ ಮರದ ಗಾಲಿಯನ್ನು ಆಳುಗಳು ಕಾಲಿನಿಂದ ತುಳಿದು ನೀರೆತ್ತುತ್ತಿದ್ದರು. 20ನೆಯ ಶತಮಾನದಲ್ಲಿ ಯಂತ್ರದಿಂದ ನಡೆಯುವ, ಮರದ ಪೆಟ್ಟಿಗೆಯ ಮೂಲಕ ನೀರನ್ನು ಹೊರಚೆಲ್ಲುವ ‘ಪೆಟ್ಟಿಯುಂ ಪರಯುಂ’ ಎಂಬ ಪಂಪು ಬಂದಿತು. ಕೊಯ್ಲಾದ ಬಳಿಕ ನೀರನ್ನು ಮತ್ತೆ ಒಳಬಿಡುತ್ತಾರೆ. ಅದು ಮಣ್ಣಿನ ಹುಳಿಯನ್ನು ತಗ್ಗಿಸುತ್ತದೆ, ಕಳೆಯನ್ನು ಅಡಗಿಸುತ್ತದೆ. ಹೀಗೆ ವರ್ಷದ ಒಂದು ಭಾಗದ ಶತ್ರುವೇ ಇನ್ನೊಂದು ಭಾಗದ ಮಿತ್ರ. ಈ ವ್ಯವಸಾಯದಲ್ಲಿ ಒಬ್ಬನ ಗದ್ದೆಯನ್ನಷ್ಟೇ ಒಣಗಿಸಲು ಬಾರದು. ಒಡ್ಡು ಒಂದೆಡೆ ಬಿರಿದರೆ ಎಲ್ಲರ ಬೆಳೆಯೂ ಮುಳುಗುತ್ತದೆ.

ಈ ಒಡ್ಡುಗಳನ್ನು ಕಟ್ಟಿದವರು ಯಾರು? 19ನೆಯ ಶತಮಾನದ ಉತ್ತರಾರ್ಧದಿಂದ 1940ರ ದಶಕದವರೆಗೆ ಹಿನ್ನೀರಿನ ತಳವನ್ನೇ ಗದ್ದೆಯಾಗಿಸುವ ಸಾಹಸಗಳು ನಡೆದವು. ಬಂಡವಾಳ ಭೂಮಾಲೀಕರದು, ಅನುಮತಿ ತಿರುವಾಂಕೂರು ಸಂಸ್ಥಾನದ್ದು. ನೀರೊಳಗೆ ಗೂಟಗಳನ್ನು ನೆಟ್ಟು, ಮುಳುಗಿ ತಳದ ಕೆಸರನ್ನು ಮೇಲೆತ್ತಿ, ಸಾಲುಗಳ ನಡುವೆ ತುಂಬಿ ಗಟ್ಟಿಗೊಳಿಸಿದವರು ಬಹುಮಟ್ಟಿಗೆ ಪುಲಯರೇ ಮೊದಲಾದ ದಲಿತ ಸಮುದಾಯಗಳ ಆಳುಗಳು. ತಿರುವಾಂಕೂರಿನಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1855ರಲ್ಲಿ. ಜೀತದ ನೆರಳು ಅದಕ್ಕಿಂತ ಬಹುಕಾಲ ಉಳಿಯಿತು. ಒಡ್ಡು ನಿಲ್ಲದೆ ಬಿರಿದಾಗ ಆಳನ್ನೇ ಆ ಬಿರುಕಿಗೆ ಬಲಿಗೊಟ್ಟರೆಂಬ ಕಥೆಗಳನ್ನು ಆ ಸಮುದಾಯಗಳ ಮೌಖಿಕ ಪರಂಪರೆ ಹೇಳುತ್ತದೆ. ಇಂಥ ಕಥೆಯನ್ನು ದಾಖಲೆಯೆಂದು ಒಪ್ಪಬೇಕೆ ಎಂಬುದು ಇತಿಹಾಸಕಾರನ ಪ್ರಶ್ನೆ. ಆದರೆ ಯಾರ ಜೀವ ಅಗ್ಗವೆಂದು ಬಗೆಯಲಾಗಿತ್ತು ಎಂಬುದಕ್ಕೆ ಕಥೆಯೇ ಸಾಕ್ಷಿ. ‘ಕೆರೆಗೆ ಹಾರ’ದಲ್ಲಿಯೂ ಆಹುತಿ ಗೌಡನಲ್ಲ, ಕಿರಿಯ ಸೊಸೆ. ನೀರು ಕರೆದರೂ ತಡೆದರೂ ಬೆಲೆ ತೆತ್ತವರು ‘ಬೇಡ’ವೆನ್ನಲಾರದ ಜನ.

ಅಧಿಕೃತ ಚರಿತ್ರೆ ಬಿಟ್ಟದ್ದನ್ನು ಸಾಹಿತ್ಯ ಕೊಂಚಮಟ್ಟಿಗೆ ಹಿಡಿದಿಟ್ಟಿದೆ. ಕುಟ್ಟನಾಡಿನವರೇ ಆದ ತಕಳಿ ಶಿವಶಂಕರ ಪಿಳ್ಳೆಯವರ 1948ರ ಕಾದಂಬರಿ ‘ರಂಡಿಡಂಗಳಿ’ ಈ ಕೂಲಿಕಾರರ ಬದುಕನ್ನು ಕುರಿತದ್ದು. ಶೀರ್ಷಿಕೆಯ ಅರ್ಥ ಎರಡು ಇಡಂಗಳಿ, ಅಂದರೆ ಎರಡು ಅಳತೆ. ಸಾವಿರಾರು ಪರ ಭತ್ತ ಬೆಳೆಯುವ ನೆಲವನ್ನು ನೀರಿನಿಂದ ಎತ್ತಿದ ಕೈಗಳಿಗೆ ದಕ್ಕಿದ್ದನ್ನು ಆ ಒಂದು ಪದ ಲೆಕ್ಕ ಹಾಕಿ ತೋರಿಸುತ್ತದೆ.

ಸ್ವಾತಂತ್ರ್ಯಾನಂತರ ನೀರಿನ ಮಟ್ಟದ ಪ್ರಶ್ನೆ ಸರ್ಕಾರದ ಕೈಗೆ ಬಂದಿತು. ಮಳೆಗಾಲದ ಪ್ರವಾಹವನ್ನು ನೇರವಾಗಿ ಕಡಲಿಗೆ ಬಿಡಲೆಂದು 1955ರಲ್ಲಿ ತೋಟ್ಟಪ್ಪಳ್ಳಿಯಲ್ಲಿ ಹೊರಹರಿವಿನ ಕಟ್ಟೆ ಸಿದ್ಧವಾಯಿತು. 1970ರ ದಶಕದಲ್ಲಿ ಬೇಸಗೆಯ ಉಪ್ಪುನೀರನ್ನು ತಡೆಯಲೆಂದು ತಣ್ಣೀರ್ಮುಕ್ಕಂ ಅಡ್ಡಗಟ್ಟೆ ಬಂದಿತು. ಎರಡನೆಯದರ ಬಾಗಿಲು ಮುಚ್ಚಿದರೆ ಗದ್ದೆಗೆ ರಕ್ಷೆ. ಆದರೆ ಉಬ್ಬರವಿಳಿತ ನಿಂತು ನೀರು ಮಡುಗಟ್ಟುತ್ತದೆ, ಅಂತರಗಂಗೆ ಹಬ್ಬುತ್ತದೆ, ಉಪ್ಪುನೀರನ್ನು ಬೇಡುವ ಸಿಗಡಿ ಮೀನುಗಳು ಬಡವಾಗುತ್ತವೆ. ಬಾಗಿಲು ಎಂದು ತೆರೆಯಬೇಕೆಂಬುದರ ಬಗ್ಗೆ ಬೇಸಾಯಗಾರನಿಗೂ ಮೀನುಗಾರನಿಗೂ ಇಂದಿಗೂ ಒಮ್ಮತವಿಲ್ಲ. ಇಬ್ಬರ ವಾದವೂ ಅನ್ನದ ವಾದವೇ.

ಭೂಸುಧಾರಣೆಯ ಕಾಲದಲ್ಲಿ ಹಿನ್ನೀರಿನ ದೊಡ್ಡ ಹಿಡುವಳಿಗಳಲ್ಲಿ ಕೆಲವು ಕೂಲಿಕಾರರಿಗೆ ಹಂಚಿಕೆಯಾದವು. ನ್ಯಾಯ ಬಹಳ ತಡವಾಗಿ ಬಂದಿತ್ತು. ಆದರೆ ತುಂಡು ತುಂಡಾದ ಗದ್ದೆಗಳಿಗೂ ಒಡ್ಡು ಒಂದೇ, ಪಂಪು ಒಂದೇ. ಒಟ್ಟಾಗಿ ನೀರೆತ್ತುವ ಏರ್ಪಾಡು ಸೋತ ಕಡೆಗಳಲ್ಲಿ ಗದ್ದೆಗಳು ವರ್ಷಗಟ್ಟಲೆ ನೀರಿನಡಿಯೇ ಉಳಿದವು. ನೆಲವನ್ನು ಹಂಚಬಹುದು, ನೀರಿನ ಮಟ್ಟವನ್ನು ಹಂಚಲಾಗದು.

2013ರಲ್ಲಿ ಕುಟ್ಟನಾಡಿನ ಈ ಬೇಸಾಯವನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು. 2018ರ ಪ್ರವಾಹದಲ್ಲಿ ಅದೇ ನೆಲ ಮುಳುಗಿ, ಜನ ಊರು ಬಿಟ್ಟು ಹೋಗಬೇಕಾಯಿತು. ಮನ್ನಣೆಯೂ ಮುಳುಗಡೆಯೂ ಒಂದೇ ನೆಲದ ಪಾಲು.

ಹಿನ್ನೀರಿನಿಂದ ಎತ್ತಿದ ಆ ಗದ್ದೆಗಳಿಗೂ ಹೆಸರುಗಳಿವೆ. ಕೆಲವಕ್ಕೆ ಚಿತ್ತಿರ, ಮಾರ್ತಾಂಡಂ, ರಾಣಿ ಎಂದು ರಾಜಮನೆತನವನ್ನು ನೆನೆಯುವ ಹೆಸರು. ಉಳಿದ ಹಲವಕ್ಕೆ ಆರ್ ಬ್ಲಾಕ್, ಸಿ ಬ್ಲಾಕ್ ಎಂದು ಬರಿಯ ಇಂಗ್ಲಿಷ್ ಅಕ್ಷರ. ಕೆಸರೆತ್ತಿದವರ ಹೆಸರು ಈ ಪಟ್ಟಿಯಲ್ಲಿಲ್ಲ. ಕನ್ನಡದ ಹಾಡು ಕೆರೆಯ ಯಜಮಾನನ ಜೊತೆಗೆ ಭಾಗೀರಥಿಯ ಹೆಸರನ್ನೂ ಉಳಿಸಿತು. ಹಾಡುವವರ ಕೊರಳು ತುಂಬಿ ಬರುವುದು ಅವಳಿಗಾಗಿಯೇ ಹೊರತು ಗೌಡನಿಗಾಗಿ ಅಲ್ಲ.